ಒಬ್ಬಂಟಿ ಯಾತ್ರಿಕಳೂ ಹೆಬ್ಬೆಯ ದಾರಿಯೂ

ರಾಜಧಾನಿಯ ಗದ್ದಲದಿಂದ ಬೇಸತ್ತು, ಕಡಲ ತೀರವನ್ನೋ ಮಲೆನಾಡನ್ನೋ ಅರಸಿ ಒಬ್ಬಳೇ ಹೊರಡುವ ಹೆಣ್ಣುಮಗಳನ್ನು ಕಂಡು ಹುಬ್ಬೇರಿಸುವ ಕಾಲವು ಕಳೆಯಬೇಕು. ೨೦೨೩ನೆಯ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯು ರಾಜ್ಯದ ಮಹಿಳೆಯರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವನ್ನು ಉಳಿಸಿತು. ಬೆಂಗಳೂರಿನಿಂದ ತರೀಕೆರೆಯವರೆಗೆ ಹೀಗೆ ಸುಲಭವಾದ ಪ್ರಯಾಣವು, ಕೆಮ್ಮಣ್ಣುಗುಂಡಿಯಿಂದಾಚೆ ಹೆಬ್ಬೆ ಜಲಪಾತದ ಕಾಡುಹಾದಿಯಲ್ಲಿ ಜೀಪಿಗೆ ಅಧೀನವಾಗುತ್ತದೆ. ಜೀಪನ್ನು ಗುಂಪು ತುಂಬಬಲ್ಲದು, ಒಬ್ಬಳು ತುಂಬಲಾರಳು.

ಅಭಯಾರಣ್ಯದ ಹಿತಕ್ಕಾಗಿ ವಾಹನಗಳಿಗೆ ಮಿತಿಯಿರುವುದು ನ್ಯಾಯವೇ ಸರಿ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಒಂದು ಆಸನಕ್ಕೆ ಎಷ್ಟು ದರ, ಹೊರಡುವ ವೇಳೆ ಯಾವುದು, ಹಿಂದಿರುಗುವುದು ಯಾವಾಗ ಎಂಬುದು ತರೀಕೆರೆಯ ಬಸ್ ನಿಲ್ದಾಣದಲ್ಲಿಯೇ ಫಲಕದ ಮೇಲೆ ಕಾಣಬೇಡವೇ? ಕತ್ತಲೆಗೆ ಮೊದಲು ಊರು ಸೇರುವ ಭರವಸೆಯಿಲ್ಲದವಳಿಗೆ ಉಚಿತ ಟಿಕೆಟ್ಟಿನಿಂದ ಪೂರ್ಣ ಸ್ವಾತಂತ್ರ್ಯವು ದೊರೆಯದು. ಅಧಿಕಾರಿಗಳು ಈ ಅಲ್ಪ ಏರ್ಪಾಡನ್ನು ಶೀಘ್ರವಾಗಿ ಮಾಡುವರೆಂದು ಹಾರೈಸುತ್ತೇವೆ.