ಹೊಲದ ಫೋಟೊ ಯಾರ ಹತ್ತಿರ ಇದೆ?

ಪಾವಗಡದ ತಿರುಮಣಿ ಸೋಲಾರ್ ಪಾರ್ಕಿನ ಫೋಟೊ ನೋಡದವರು ನಮ್ಮ ಕಡೆ ಕಡಿಮೆ. 2018ರ ಮಾರ್ಚಿನಲ್ಲಿ ಉದ್ಘಾಟನೆ ಆದಾಗಿನಿಂದ ದೇಶವಿದೇಶದ ಪತ್ರಿಕೆಗಳಲ್ಲಿ ಅದೇ ಚಿತ್ರ: ಕಲ್ಲುಗುಡ್ಡಗಳ ನಡುವೆ, ಕಣ್ಣು ಹಾಯಿಸಿದಷ್ಟು ದೂರ, ನೀಲಿ ಫಲಕಗಳ ಸಾಲು. ತಿರುಮಣಿ, ವಳ್ಳೂರು, ಬಾಲಸಮುದ್ರ ಸೇರಿ ಐದು ಊರುಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಇಷ್ಟಕ್ಕೆಲ್ಲ ದಾಖಲೆ ಉಂಟು. ಅದಕ್ಕೆ ಮುಂಚೆ ಆ ನೆಲದಲ್ಲಿ ಏನಿತ್ತು ಅನ್ನುವುದಕ್ಕೆ? ಪಹಣಿಯಲ್ಲಿ ಸರ್ವೆ ನಂಬರು ಸಿಗುತ್ತದೆ. ಕಡ್ಲೆಗಿಡ ಕಿತ್ತು, ಒಟ್ಟಿ, ಬೇವಿನ ನೆರಳಲ್ಲಿ ಕೂತು ಕಾಯಿ ಬಿಡಿಸುತ್ತಿದ್ದ ಕೂಲಿ ಹೆಂಗಸರು ಪಹಣಿಯಲ್ಲಿಲ್ಲ. ಜಮೀನು ಇಲ್ಲದ್ದಕ್ಕೆ ಗುತ್ತಿಗೆ ಹಣವೂ ಅವರ ಪಾಲಿಗೆ ಬರಲಿಲ್ಲ. ಆ ಹೊಲಗಳ ಚಿತ್ರ ಎಲ್ಲಾದರೂ ಉಳಿದಿದ್ದರೆ ಅದು ಯಾರದೋ ಮದುವೆ ಆಲ್ಬಮ್ಮಿನಲ್ಲಿ, ಗಂಡು ಹೆಣ್ಣಿನ ಬೆನ್ನ ಹಿಂದೆ.

ಹೊರಗಿನಿಂದ ಬರುವ ಕ್ಯಾಮೆರಾಗಳಿಗೆ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ, ಈ ನಮ್ಮ ನಾಲ್ಕು ತಾಲ್ಲೂಕು ಅಂದರೆ ಇಂಥವೇ ಕೆಲವು ನೋಟಗಳು. ಮಧುಗಿರಿಯಲ್ಲಿ ಏಕಶಿಲಾ ಬೆಟ್ಟ ಹತ್ತಿ ಕೋಟೆಯ ಚಿತ್ರ ತೆಗೆಯುತ್ತಾರೆ, ಇಳಿಯುತ್ತಾರೆ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಉದ್ದನೆಯ ಲೆನ್ಸ್ ಹೊತ್ತು ಬರುವವರು ಹುಣಸೆಮರದ ನೆತ್ತಿಗೆ ಗುರಿ ಇಡುತ್ತಾರೆ: ಬಣ್ಣದ ಕೊಕ್ಕರೆ, ಗೂಡು, ಮರಿಯ ಬಾಯಿಗೆ ಮೀನು. ಚೆಲುವಾದ ಚಿತ್ರಗಳೇ, ಸಂಶಯವಿಲ್ಲ. ಆದರೆ ಆ ಮರಗಳು ಇರುವುದು ಊರೊಳಗೆ. ಲೆನ್ಸನ್ನು ಒಂದು ಮಾರು ಕೆಳಗೆ ಇಳಿಸಿದರೆ ಹಿಕ್ಕೆ ಬಿದ್ದು ಬೆಳ್ಳಗಾದ ಸೂರು, ಮೀನಿನ ನಾತದಲ್ಲೇ ಅಂಗಳ ಗುಡಿಸುವ ಅಜ್ಜಿ, ಹಕ್ಕಿಗೆ ತೊಂದರೆಯಾಗದಂತೆ ನಡೆದುಕೊಳ್ಳುವ ಜನ ಕಾಣುತ್ತಾರೆ. ಹಕ್ಕಿ ಉಳಿದಿರುವುದು ಇವರಿಂದ. ಈ ಚಿತ್ರವನ್ನು ಆ ಬೀದಿಯವರೇ ತೆಗೆಯಬೇಕು. ಅಜ್ಜಿ ಯಾವ ಹೊತ್ತಿಗೆ ಗುಡಿಸುತ್ತಾಳೆ ಅನ್ನುವುದು ಅವರಿಗೇ ಗೊತ್ತು, ಬೇಡ ಅಂದರೆ ಕ್ಯಾಮೆರಾ ಕೆಳಗಿಳಿಸುವ ಸಲಿಗೆಯೂ ಅವರಿಗೇ ಇರುವುದು.

ಇದಕ್ಕೊಂದು ಮಾದರಿ ಇದೆ. ಅಮೆರಿಕದ ಬಫಲೋ ನಗರದಲ್ಲಿ ಮಿಲ್ಟನ್ ರೊಗೊವಿನ್ ಎಂಬ ಕಣ್ಣು ಪರೀಕ್ಷಿಸುವ ವೃತ್ತಿಯವರಿದ್ದರು. 1972ರಲ್ಲಿ ತಮ್ಮದೇ ಊರಿನ ಬಡವರ ಕೇರಿಯೊಂದರ ಫೋಟೊ ತೆಗೆಯಲು ಶುರುಮಾಡಿ, ಎಂಬತ್ತರ ದಶಕದಲ್ಲಿ, ಮತ್ತೆ ತೊಂಬತ್ತರಲ್ಲಿ ಅದೇ ಜನರನ್ನು ಹುಡುಕಿಕೊಂಡು ಹೋದರು. ಒಬ್ಬರದೇ ಮೂರು ಚಿತ್ರ ಪಕ್ಕಪಕ್ಕ ಇಟ್ಟಾಗ ಒಂದು ಬಾಳು ಕಾಣುತ್ತದೆ. ಹೀಗೆ ಮತ್ತೆ ಮತ್ತೆ ಹೋಗುವುದು ನೆರೆಯವರಿಗಷ್ಟೇ ಸಾಧ್ಯ. ಕೊರಟಗೆರೆಯ ಜಯಮಂಗಲಿ ಹೊಳೆ 2022ರ ಮಳೆಗೆ ತುಂಬಿ ಹರಿದಾಗ ಮೊಬೈಲು ಹಿಡಿದವರೆಲ್ಲ ಸೇತುವೆ ಮೇಲಿದ್ದರು. ಅದೇ ಜಾಗದಲ್ಲಿ ನಿಂತು ಬತ್ತಿದ ಹೊಳೆಯನ್ನೂ ವರ್ಷ ವರ್ಷ ತೆಗೆದಿಟ್ಟರೆ, ಮರಳು ಎಲ್ಲಿಂದ ಎಷ್ಟು ಹೋಯಿತು ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಮುಂದಿನ ಸಂಚಿಕೆಯಿಂದ ಎರಡು ಪುಟ ನೀವೇ ತೆಗೆದ ಇಂಥ ಚಿತ್ರಗಳಿಗಾಗಿ ತೆಗೆದಿಡುತ್ತಿದ್ದೇವೆ. ಒಳ್ಳೆಯ ಕ್ಯಾಮೆರಾ ಬೇಕಾಗಿಲ್ಲ. ಹುಣಸೆಹಣ್ಣು ಕುಟ್ಟುವ ಜಗಲಿ, ಕುಡಿಯುವ ನೀರಿನ ಘಟಕದ ಮುಂದಿನ ಕ್ಯಾನುಗಳ ಸಾಲು, ಬಾಗಿಲು ಹಾಕಲಿರುವ ಅಂಗಡಿ, ಯಾವುದಾದರೂ ಆಗಲಿ. ಚಿತ್ರದಲ್ಲಿರುವವರನ್ನು ಕೇಳಿ ತೆಗೆಯಿರಿ, ಒಂದು ಪ್ರತಿ ಅವರ ಕೈಗೆ ಕೊಡಿ. ಊರು, ತಾರೀಕು, ಜನ ಆ ಜಾಗವನ್ನು ಕರೆಯುವ ಹೆಸರು ಬರೆದು ಕಳಿಸಿ. ತಿರುಮಣಿ ಸುತ್ತಿನ ಹಳೆಯ ಮದುವೆ ಆಲ್ಬಮ್ಮುಗಳಿದ್ದರೆ ಮೊದಲು ಅವನ್ನೇ ಕಳಿಸಿ. ಪ್ರತಿ ಮಾಡಿಕೊಂಡು ಜೋಪಾನವಾಗಿ ಹಿಂದಿರುಗಿಸುತ್ತೇವೆ.