ಅಂಕಣ ಬದಲಿಸಲು ಲೆಕ್ಕವನ್ನೇಕೆ ನಿಲ್ಲಿಸಬೇಕು?

2007ರಲ್ಲಿ ಹೊರಬಂದ ಟೀಮಕ್ಸ್ ಎಂಬ ತಂತ್ರಾಂಶವು ಗಣಕಯಂತ್ರದ ಟರ್ಮಿನಲ್ ಪರದೆಯನ್ನು ಹಲವು ಅಂಕಣಗಳಾಗಿ ವಿಭಾಗಿಸುತ್ತದೆ. ಒಂದರಲ್ಲಿ ಲೆಕ್ಕ ನಡೆಯುತ್ತಿರಲು ಇನ್ನೊಂದರಲ್ಲಿ ನಾವು ಬರೆಯುತ್ತಿರಬಹುದು. ಜೋಡಣೆ ಹಿಡಿಸದಿದ್ದರೆ ವಿದ್ಯಾರ್ಥಿಗಳು ಅಂಕಣವನ್ನೇ ಮುಚ್ಚಿ, ಗಂಟೆಗಟ್ಟಲೆ ನಡೆದ ಲೆಕ್ಕವನ್ನು ಮೊದಲಿನಿಂದ ಆರಂಭಿಸುವುದುಂಟು. ಇದು ವ್ಯರ್ಥ ಶ್ರಮ. ಅಂಕಣವೆಂಬುದು ಕೇವಲ ಕಿಟಕಿ. ಲೆಕ್ಕವು ಅದರ ಹಿಂದೆ, ಟೀಮಕ್ಸಿನ ಸರ್ವರ್ ಆಶ್ರಯದಲ್ಲಿ ಸಾಗುತ್ತಿರುತ್ತದೆ. ಕಿಟಕಿಯನ್ನು ಸರಿಸಿದರೆ ಅದಕ್ಕೆ ಬಾಧೆಯಿಲ್ಲ; ಅಳತೆ ಬದಲಾದಲ್ಲಿ ಆ ಸೂಚನೆಯಷ್ಟೇ ಪ್ರೋಗ್ರಾಮಿಗೆ ತಲುಪುತ್ತದೆ.

ಕಂಟ್ರೋಲ್ ಮತ್ತು ‘ಬಿ’ ಕೀಲಿಗಳನ್ನು ಒಟ್ಟಿಗೆ ಒತ್ತಿ ಬಿಟ್ಟು, ಬಳಿಕ ಎಡ ಪುಷ್ಪಾವರಣವನ್ನು ಒತ್ತಿರಿ: ಅಂಕಣವು ಹಿಂದಿನದರೊಡನೆ ಸ್ಥಳ ಬದಲಿಸುತ್ತದೆ. ಬಲ ಪುಷ್ಪಾವರಣವಾದರೆ ಮುಂದಿನದರೊಡನೆ. ಸ್ಪೇಸ್ ಕೀಲಿಯು ಸಿದ್ಧ ವಿನ್ಯಾಸಗಳನ್ನು ಒಂದೊಂದಾಗಿ ತಂದು ನಿಲ್ಲಿಸುತ್ತದೆ.

ಈ ಕೀಲಿಗಳು ಬೆರಳಿಗೆ ಒಗ್ಗವೆಂದು (‘ಬಿ’ಯ ಮಟ್ಟಿಗೆ ಆ ದೂರು ನಿಜ) ಹಲವರು ಕಲಿಕೆಯ ಮೊದಲ ದಿನವೇ ಪರರ ಸಂರಚನಾ ಕಡತವನ್ನು ತಂದು ಅವನ್ನು ಬದಲಿಸಿಕೊಳ್ಳುತ್ತಾರೆ. ನನಗದು ಸಮ್ಮತವಲ್ಲ. ದೀರ್ಘವಾದ ಲೆಕ್ಕಗಳು ನಡೆಯುವುದು ಸಾಮಾನ್ಯವಾಗಿ ದೂರದ ಗಣಕಯಂತ್ರದಲ್ಲಿ. ಅಲ್ಲಿಗೆ ಹೊಸದಾಗಿ ಪ್ರವೇಶಿಸಿದಾಗ ಆ ಕಡತ ಇರುವುದಿಲ್ಲ. ಮೂಲ ಕೀಲಿಗಳು ಮಾತ್ರ ಇರುತ್ತವೆ.