96 ಪರ್ಸೆಂಟ್ ಸರಿ ಅಂದ್ರೆ ಯಾರ ಲೆಕ್ಕದಲ್ಲಿ?



ಮಳೆಗಾಲ ಬಂದ್ರೆ ಸಾಕು, ಮುನ್ಸೂಚನೆ ಇಷ್ಟು ಪರ್ಸೆಂಟ್ ಕರೆಕ್ಟು ಅನ್ನೋ ಮಾತು ಶುರುವಾಗುತ್ತೆ. ಅದನ್ನ ನಂಬೋ ಮುಂಚೆ ಒಂದು ಹಳೇ ಲೆಕ್ಕ ನೋಡಿ. 1884ರಲ್ಲಿ ಅಮೆರಿಕದ ಜಾನ್ ಫಿನ್ಲಿ, ಸುಂಟರಗಾಳಿ ಬರುತ್ತೋ ಇಲ್ವೋ ಅಂತ 2803 ಮುನ್ಸೂಚನೆ ಕೊಟ್ಟು, 96.6 ಪರ್ಸೆಂಟ್ ಸರಿ ಅಂದ. ಗಿಲ್ಬರ್ಟ್ ಅನ್ನೋರು ತಿರುಗಿಸಿ ಲೆಕ್ಕ ಹಾಕಿದರು: ಕಣ್ಣು ಮುಚ್ಚಿ ಪ್ರತಿ ಸಲ 'ಬರಲ್ಲ' ಅಂದಿದ್ರೆ 98.2 ಪರ್ಸೆಂಟ್ ಸರಿಯಾಗ್ತಿತ್ತು! ಯಾಕಂದ್ರೆ ಸುಂಟರಗಾಳಿ ಬಂದಿದ್ದೇ 51 ಸಲ. ಅದರಲ್ಲಿ ಫಿನ್ಲಿ ಹೇಳಿದ್ದು 28, ಕೈತಪ್ಪಿದ್ದು 23.

ಈಗ ಸಾಧ್ಯತೆಯ ಲೆಕ್ಕದಲ್ಲಿ ಹೇಳ್ತಾರೆ. ಅದು ಪ್ರಾಮಾಣಿಕವಾದ ದಾರಿ, ತಕರಾರಿಲ್ಲ. ಶೇ. 30 ಅಂದ ದಿನ ಮಳೆ ಬರದಿದ್ರೆ ಅದು ಸುಳ್ಳಲ್ಲ. ಹಾಗೆ ಹೇಳಿದ ನೂರು ದಿನದಲ್ಲಿ ಮೂವತ್ತರ ಆಸುಪಾಸು ದಿನ ಬಂದಿರಬೇಕು, ಅದೇ ಪರೀಕ್ಷೆ. ಆದ್ರೆ ದಿನಕ್ಕೆ 204.4 ಮಿ.ಮೀ. ಮೀರೋ ಮಳೆ ಒಂದು ಊರಿಗೆ ಎಷ್ಟು ವರ್ಷಕ್ಕೊಮ್ಮೆ? ನೂರು ಉದಾಹರಣೆ ಎಲ್ಲಿಂದ ತರೋದು? ಮಾಮೂಲಿ ದಿನಗಳನ್ನೆಲ್ಲ ಸೇರಿಸಿ ಸರಾಸರಿ ತೆಗೆದ್ರೆ, ನಮ್ಮ ಜನ ಸಾಯೋ ಆ ಒಂದು ದಿನ ಅದರೊಳಗೆ ಮುಳುಗಿಹೋಗುತ್ತೆ.

2024ರ ಜುಲೈ 30, ವಯನಾಡು. ಮೊದಲೇ ಎಚ್ಚರಿಸಿದ್ವಿ ಅಂತ ಅಮಿತ್ ಶಾ ಅಂದ್ರು. ಗುಡ್ಡ ಕುಸಿಯೋ ಮುಂಚೆ ಇದ್ದದ್ದು ಆರೆಂಜ್ ಅಲರ್ಟ್, ರೆಡ್ ಬಂದಿದ್ದು ಆಮೇಲೆ ಅಂತ ಪಿಣರಾಯಿ ವಿಜಯನ್ ಅಂದ್ರು. ಸತ್ತವರಲ್ಲಿ ಎಸ್ಟೇಟ್ ಕೂಲಿಗಳಿದ್ದರು, ನಮ್ಮ ಚಾಮರಾಜನಗರದ ಕಡೆಯವರೂ ಇದ್ದರು. ಆರೆಂಜ್ ಅಂದ್ರೆ 'ಸಿದ್ಧರಾಗಿರಿ' ಅಂತ. ಲೈನ್ ಮನೆಯಲ್ಲಿ ಮಲಗಿರೋನು ಏನು ಸಿದ್ಧ ಆಗ್ಬೇಕು, ಹೇಳಿ?

ಕಾರಿರೋನು ಶೇ. 10 ಅಂದ್ರೂ ಹೊರಟುಬಿಡ್ತಾನೆ. ಸುಳ್ಳಾದ್ರೆ ಹೋಗೋದು ಪೆಟ್ರೋಲ್ ದುಡ್ಡು. ಹಳ್ಳದ ಪಕ್ಕದ ಕೇರಿಯ ಕೂಲಿ ಹೆಂಗಸಿಗೆ ಹೋಗೋದು ಆ ದಿನದ ಅನ್ನ. ಮೂರು ಸಲ ಸುಳ್ಳಾದ್ರೆ ನಾಲ್ಕನೇ ಸಲ ಅವಳು ಏಳಲ್ಲ. ಆಗ 'ಜನ ಮಾತು ಕೇಳಲ್ಲ' ಅನ್ನೋ ವರದಿ ತಯಾರಾಗುತ್ತೆ. ಅಲರ್ಟ್ ದಿನದ ಕೂಲಿಯನ್ನ ಸರ್ಕಾರ ಕಟ್ಟಿಕೊಡಲಿ, ಶೇ. 10ಕ್ಕೂ ಕೇರಿಗೆ ಕೇರಿಯೇ ಎದ್ದು ಹೊರಡುತ್ತೆ.

ನಿಮ್ಮ ತಾಲ್ಲೂಕಲ್ಲಿ ಒಂದು ಆರ್‌ಟಿಐ ಹಾಕಿ. ಕಳೆದ ಐದು ವರ್ಷದಲ್ಲಿ ಅತಿ ಭಾರೀ ಮಳೆ ಬಿದ್ದ ದಿನಗಳೆಷ್ಟು, ಅದರಲ್ಲಿ ಹಿಂದಿನ ದಿನವೇ ಎಚ್ಚರಿಕೆ ಇದ್ದದ್ದು ಎಷ್ಟು, ಇದ್ದಾಗ ಯಾವ್ಯಾವ ಕೇರಿಗೆ ಡಂಗುರ ಹೋಯ್ತು. ಉತ್ತರ ಬಂದ್ರೆ ಇಲ್ಲೇ ಕಾಮೆಂಟಲ್ಲಿ ಹಾಕಿ.